ಪುಕ್ಕಟೆ ಔಷಧಿಗೆ ಬಸ್‌ಚಾರ್ಜು

ಗುರುವಾರ ಚುಚ್ಚುಮದ್ದಿನ ದಿನ. ಈ ವಾರ ಈ ಊರು, ಮುಂದಿನ ವಾರ ಪಕ್ಕದ ಊರು ಎಂದು ಸಿಸ್ಟರ್ ಸರದಿ ಹಾಕಿಕೊಂಡಿರುತ್ತಾರೆ. ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಐಸ್‌ಪ್ಯಾಕ್ ತುಂಬಿದ ಪೆಟ್ಟಿಗೆ ಹೊರಡುತ್ತದೆ. ಹತ್ತು ಗಂಟೆಗೆಲ್ಲ ಅಂಗನವಾಡಿಯ ಜಗಲಿಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಆ ಪೆಟ್ಟಿಗೆ, ಸುತ್ತ ಕೂಸು ಎತ್ತಿಕೊಂಡ ಅಮ್ಮಂದಿರು, ಅಜ್ಜಿಯರು. ಒಂದೂವರೆ ತಿಂಗಳದ್ದು, ಎರಡೂವರೆ ತಿಂಗಳದ್ದು, ಮೂರೂವರೆ ತಿಂಗಳದ್ದು, ಒಂಬತ್ತು ತಿಂಗಳದ್ದು ಎಂದು ಕೂಸುಗಳನ್ನು ಕರೆಯುವುದೇ ಅಲ್ಲಿ ವಾಡಿಕೆ. ಹೆಸರಿಡುವ ಮೊದಲೇ ಎಷ್ಟೋ ಮಕ್ಕಳಿಗೆ ಇದೇ ಹೆಸರು.

ಈ ಮೇಜಿನ ಮೇಲೆ ಕೊಡುವ ರೋಟಾ, ನ್ಯುಮೋಕಾಕಲ್ ಲಸಿಕೆಗಳನ್ನೇ ಪಟ್ಟಣದ ಖಾಸಗಿ ಮಕ್ಕಳ ಕ್ಲಿನಿಕ್ಕಿನಲ್ಲಿ ಹಾಕಿಸಿದರೆ ಸಾವಿರಗಟ್ಟಲೆ ಆಗುತ್ತದೆ. ಇಲ್ಲಿ ಕಾಸಿಲ್ಲ. ಆದರೆ ‘ಬುಧವಾರ ಬಂದೆ, ಹಾಕಲಿಲ್ಲ, ನಾಳೆ ಬಾ ಅಂದರು’ ಎಂಬ ದೂರು ಎಲ್ಲ ಕಡೆ ಇದೆ. ಅದಕ್ಕೆ ಕಾರಣವೂ ಇದೆ. ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ನೀರು ಬೆರೆಸಿದ ಮೇಲೆ ಆ ಸೀಸೆಯ ಆಯುಸ್ಸು ನಾಲ್ಕೇ ಗಂಟೆ, ಆಮೇಲೆ ಎಸೆಯಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಲಸಿಕೆ ಇರುತ್ತದೆ. ಒಂದೇ ಕೂಸಿಗಾಗಿ ಅದನ್ನು ಒಡೆದರೆ ಉಳಿದದ್ದು ಚರಂಡಿಗೆ. ಹಾಗಾಗಿ ಎಲ್ಲರೂ ಒಂದೇ ದಿನ ಬರಬೇಕು. ಇಷ್ಟನ್ನು ಆ ತಾಯಿಗೆ ಎರಡು ಮಾತಿನಲ್ಲಿ ಹೇಳಿ ಕಳಿಸಿದ್ದರೆ ಅವಳು ಗೊಣಗುತ್ತಿರಲಿಲ್ಲ. ಯಾರೂ ಹೇಳಿರುವುದಿಲ್ಲ.

ಹೇಳುವವರು ಇರುವ ಊರಿನಲ್ಲಿ ಗುರುವಾರ ಸಲೀಸಾಗಿ ನಡೆಯುತ್ತದೆ. ಹಿಂದಿನ ದಿನವೇ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಬಂದಿರುತ್ತಾರೆ. ಯಾರ ಮಗು ಯಾವ ಸುತ್ತಿನಲ್ಲಿದೆ, ಯಾರ ಮನೆಯಲ್ಲಿ ಅತ್ತೆಯ ತಕರಾರಿದೆ, ಕಳೆದ ಸಲ ಜ್ವರ ಬಂತೆಂದು ಈ ಸಲ ಯಾರು ತಪ್ಪಿಸಿಕೊಳ್ಳಲಿದ್ದಾರೆ, ಎಲ್ಲವೂ ಅವರ ತಲೆಯಲ್ಲಿ. ಇನ್ನೊಂದು ತೊಡಕು ನಮ್ಮದೇ ಪದ್ಧತಿಯದು. ಚೊಚ್ಚಲ ಬಾಣಂತನ ತವರಿನಲ್ಲಿ. ಗರ್ಭಿಣಿಯ ಹೆಸರು ನೋಂದಾಯಿಸಿದ್ದು ಗಂಡನ ಊರಿನಲ್ಲಿ, ಹೆರಿಗೆಯಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ, ಕೂಸು ಬೆಳೆಯುತ್ತಿರುವುದು ಮೂರನೆಯ ಊರಿನಲ್ಲಿ. ತಾಯಿ ಕಾರ್ಡ್ ಬ್ಯಾಗಿನಲ್ಲಿ ಪ್ರಯಾಣ ಮಾಡುತ್ತಿರುತ್ತದೆ. ಎರಡು ಊರಿನ ಆಶಾಗಳು ಫೋನಿನಲ್ಲಿ ಮಾತಾಡಿಕೊಂಡು ‘ನಿಮ್ಮ ಹುಡುಗಿ ನಮ್ಮಲ್ಲಿದ್ದಾಳೆ, ಎರಡನೆಯದು ಹಾಕಿಸಿದೆ’ ಎಂದು ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಈ ಫೋನ್ ಕರೆ ಯಾವ ಸುತ್ತೋಲೆಯಲ್ಲಿಯೂ ಇಲ್ಲ.

ಸರ್ಕಾರಿ ಆರೋಗ್ಯ ಸೇವೆ ಎಂದಾಗ ನಾವು ಸಾಮಾನ್ಯವಾಗಿ ಎರಡು ಮಾತು ಆಡುತ್ತೇವೆ: ‘ಎಲ್ಲ ಫ್ರೀ ಇದೆ’ ಮತ್ತು ‘ಏನೂ ಸಿಗಲ್ಲ’. ಎರಡನ್ನೂ ಒಂದೇ ಬಾಯಿಂದ, ಒಂದೇ ದಿನ ಕೇಳಬಹುದು. ವಿಚಿತ್ರವೆಂದರೆ ಎರಡೂ ನಿಜ. ಉಚಿತವೆಂಬುದಕ್ಕೂ ಖರ್ಚಿದೆ: ಬಸ್‌ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಬಂದವರ ಕೂಲಿ, ಚೀಟಿ ಮಾಡಿಸುವ ಸಾಲು, ಡಾಕ್ಟರ ಸಾಲು, ರಕ್ತ ಕೊಡುವ ಸಾಲು, ಮಾತ್ರೆಯ ಸಾಲು, ಕೊನೆಗೆ ‘ರಿಪೋರ್ಟಿಗೆ ನಾಳೆ ಬನ್ನಿ’. ಬಿಪಿ ಮಾತ್ರೆಯ ಬೆಲೆ ಮೆಡಿಕಲ್ ಶಾಪಿನಲ್ಲಿ ಇದಕ್ಕಿಂತ ಕಡಿಮೆಯೇ ಬೀಳುತ್ತದೆ. ಕೂಲಿಯವನು ದಡ್ಡನಲ್ಲ, ಲೆಕ್ಕ ಹಾಕುತ್ತಾನೆ. ಲೆಕ್ಕ ಹಾಕಿ ಸುಮ್ಮನಾಗುತ್ತಾನೆ. ನಾವು ಅದಕ್ಕೆ ‘ಅರಿವಿನ ಕೊರತೆ’ ಎಂದು ಹೆಸರಿಟ್ಟು ಜಾಥಾ ಹೊರಡಿಸುತ್ತೇವೆ.

ತುಮಕೂರಿನ ಕೆಮ್ಮು

ಈ ‘ಅರಿವಿನ ಕೊರತೆ’ ಎಂಬ ಮಾತನ್ನು ಅರವತ್ತು ವರ್ಷಗಳ ಹಿಂದೆಯೇ ತುಮಕೂರು ಜಿಲ್ಲೆಯ ಹಳ್ಳಿಗಳು ಸುಳ್ಳು ಮಾಡಿ ತೋರಿಸಿದ್ದವು. ಆ ಕತೆ ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಹಳೆಯ ಬಂಗಲೆ ಅದರ ನೆಲೆ. ದೇಶಕ್ಕೆಲ್ಲ ಒಗ್ಗುವ ಒಂದು ಕ್ಷಯ ನಿಯಂತ್ರಣ ಕಾರ್ಯಕ್ರಮ ಹೇಗಿರಬೇಕು ಎಂದು ಕಂಡುಹಿಡಿಯುವುದು ಅದಕ್ಕೆ ವಹಿಸಿದ ಕೆಲಸ. ಆಗ ತಜ್ಞರಲ್ಲಿ ಬಹಳ ಮಂದಿ ನಂಬಿದ್ದುದು ಹೀಗೆ: ಹಳ್ಳಿಯವರಿಗೆ ರೋಗದ ಅರಿವೇ ಇಲ್ಲ, ಕೆಮ್ಮುತ್ತಾ ಮನೆಯಲ್ಲೇ ಕೂರುತ್ತಾರೆ, ಆದ್ದರಿಂದ ಎಕ್ಸ್-ರೇ ವ್ಯಾನು ಕಟ್ಟಿಕೊಂಡು ಊರೂರಿಗೆ ಹೋಗಿ ನಾವೇ ರೋಗಿಗಳನ್ನು ಹುಡುಕಿ ತೆಗೆಯಬೇಕು. ಬಡ ದೇಶವೊಂದು ಎಷ್ಟು ವ್ಯಾನು ಕೊಂಡೀತು?

ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಬೇರೆ ಪ್ರಶ್ನೆ ಎತ್ತಿದರು. ಕ್ಷಯ ಇರುವವನಿಗೆ ತನಗೇನೋ ಆಗಿದೆ ಎಂದು ಗೊತ್ತಾಗುವುದೇ ಇಲ್ಲವೇ? ಗೊತ್ತಾದರೆ ಏನು ಮಾಡುತ್ತಾನೆ? ತುಮಕೂರು ಜಿಲ್ಲೆಯಲ್ಲಿ ಆಗಷ್ಟೇ ನಡೆದ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಗಳಿಗೆ ಹೋಗಿ ಮಾತಾಡಿಸಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನಲ್ಲಿ ಪ್ರಕಟವಾದ ಉತ್ತರ ಇದು: ಶೇ 95ರಷ್ಟು ರೋಗಿಗಳಿಗೆ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಶೇ 72 ಮಂದಿ ಅದರಿಂದ ಚಿಂತೆಗೆ ಬಿದ್ದಿದ್ದರು. ಶೇ 52 ಮಂದಿ ಚಿಕಿತ್ಸೆಗಾಗಿ ಆಗಲೇ ಓಡಾಡಿದ್ದರು.

ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕಾಲಮೇಲೆ ನಡೆದು, ಕೈಯಿಂದ ಹಣ ಹಾಕಿ, ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಬಾಗಿಲಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ವ್ಯಾನು ಹುಡುಕಲು ಹೊರಟಿದ್ದ ಆ ‘ಅಜ್ಞಾನಿ’ ರೋಗಿ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಸಾಲಿನಲ್ಲೇ ನಿಂತಿದ್ದ!

ಇದರಿಂದ ಹೊರಟ ತೀರ್ಮಾನ ಸರಳ. ವ್ಯಾನು ಬೇಡ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವವನು ತಾನಾಗಿ ಬರುವ ಹತ್ತಿರದ ಆಸ್ಪತ್ರೆಯಲ್ಲೇ ಒಂದು ಸೂಕ್ಷ್ಮದರ್ಶಕ ಇಡಿ, ಕಫ ನೋಡಲು ಒಬ್ಬರಿಗೆ ಕಲಿಸಿ. ಅದೇ ಹೊತ್ತಿಗೆ, 1959ರಲ್ಲಿ, ಪ್ರಕಟವಾದ ಮದ್ರಾಸಿನ ಇನ್ನೊಂದು ಅಧ್ಯಯನ ಸ್ಯಾನಿಟೋರಿಯಂನಲ್ಲಿ ಮಲಗಿಸಿ ಕೊಟ್ಟ ಮಾತ್ರೆಗೂ ಮನೆಯಲ್ಲಿ ಇಟ್ಟು ಕೊಟ್ಟ ಮಾತ್ರೆಗೂ ಗುಣವಾಗುವುದರಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿತ್ತು. ಎರಡೂ ಸೇರಿ, ತುಮಕೂರಿನ ಉತ್ತರ ಅಚ್ಚಾಗುವ ಮೊದಲೇ, 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಬುನಾದಿಯಾದವು. ಗುಡ್ಡದ ಮೇಲಿನ ಸ್ಯಾನಿಟೋರಿಯಂನಿಂದ ಕಾಯಿಲೆ ಇಳಿದು ಊರಿನ ಆಸ್ಪತ್ರೆಗೆ ಬಂತು.

ಇವತ್ತು ಕಫ ಪರೀಕ್ಷೆ ಉಚಿತ, ಆರು ತಿಂಗಳ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಖಾತೆಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆದರೂ ತುಮಕೂರಿನ ಪ್ರಶ್ನೆ ಹಳತಾಗಿಲ್ಲ. ಎರಡು ವಾರ ಕೆಮ್ಮುತ್ತಿರುವವನು ಇವತ್ತು ಮೊದಲು ಹೋಗುವುದು ಊರ ಬಸ್‌ಸ್ಟ್ಯಾಂಡಿನ ಆರ್‌ಎಂಪಿ ಹತ್ತಿರ ಅಥವಾ ಮೆಡಿಕಲ್ ಶಾಪಿಗೆ. ಅಲ್ಲಿ ಅವನಿಗೆ ಸಿಗುವುದೂ ಒಂದು ಬಾಟಲಿ ಸಿರಪ್ಪೇ.

ಮಗ್ಗುಲಿನ ಪ್ರಯೋಗಗಳು

ಮೈಸೂರು ಸೀಮೆಗೆ ಇಂಥ ಪ್ರಯೋಗಗಳ ಚಟ ಮೊದಲಿಂದಲೂ ಇತ್ತೆಂದೇ ಹೇಳಬೇಕು. 1930ರಲ್ಲಿಯೇ ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತ್ತು. ಜಗತ್ತಿನ ಬೇರೆ ಸರ್ಕಾರಗಳು ಆ ಮಾತೆತ್ತಲೂ ಹಿಂಜರಿಯುತ್ತಿದ್ದ ಕಾಲ ಅದು. ಅಂಗನವಾಡಿಗಳ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ.

ನನಗೆ ಹೆಚ್ಚು ಮಹತ್ವದ್ದೆನಿಸುವುದು ಸಕಲವಾರದ ಕೆಲಸ. ನಿಮ್ಹಾನ್ಸ್ 1975-76ರ ಸುಮಾರಿಗೆ ಬನ್ನೇರುಘಟ್ಟದ ಆಚೆಯ ಆ ಹಳ್ಳಿಯಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರವೊಂದನ್ನು ತೆರೆಯಿತು. ಹುಚ್ಚಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯೇ ಗತಿ, ಅಲ್ಲಿಗೆ ಹೋಗಲಾಗದಿದ್ದರೆ ದೇವಸ್ಥಾನದ ಕಂಬವೇ ಗತಿ ಎನ್ನುವಂತಿದ್ದ ಕಾಲ. ಊರಿನ ಆರೋಗ್ಯ ಕೇಂದ್ರದ ಸಾಮಾನ್ಯ ಎಂಬಿಬಿಎಸ್ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರಿಗೆ ಒಂದಿಷ್ಟು ತರಬೇತಿ ಕೊಟ್ಟು, ಕೆಲವೇ ಅಗತ್ಯ ಮಾತ್ರೆಗಳನ್ನು ಅಲ್ಲೇ ಇಟ್ಟರೆ ತೀವ್ರ ಮನೋರೋಗ, ಮೂರ್ಛೆರೋಗದವರನ್ನು ಊರಲ್ಲೇ ನೋಡಿಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ಆಗುತ್ತದೆ ಎಂದು ಕಂಡಿತು. 1985ರಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ಹಿಗ್ಗಿಸಿದರು. ಆ ‘ಬಳ್ಳಾರಿ ಮಾದರಿ’ಯನ್ನೇ ಎದುರಿಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪಿಸಿತು. ಇವತ್ತು ದೇಶದ ಯಾವುದೇ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗದ ಮಾತ್ರೆ ಪುಕ್ಕಟೆ ಸಿಕ್ಕರೆ ಅದರ ಹಿಂದೆ ಬಳ್ಳಾರಿಯ ಹಳ್ಳಿಗಳಲ್ಲಿ ಸೈಕಲ್ ತುಳಿದ ಆರೋಗ್ಯ ಸಹಾಯಕರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಬಂದ ಟೆಲಿ-ಮಾನಸ್ ಸಹಾಯವಾಣಿಗೂ (ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ) ನಿಮ್ಹಾನ್ಸೇ ಮುಖ್ಯ ಕೇಂದ್ರ.

ಯಳಂದೂರು ತಾಲ್ಲೂಕಿನ ಗುಂಬಳ್ಳಿಯದು ಇನ್ನೊಂದು ಬಗೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸಕ್ಕೆ ಕೂತ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್, ಮೊದಲು ಯಳಂದೂರಿನಲ್ಲಿ ಕುಷ್ಠರೋಗದ ಕೆಲಸ ಮಾಡಿ, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಕಟ್ಟಡ ಸರ್ಕಾರದ್ದು, ಸೇವೆ ಉಚಿತ, ಆಡಳಿತ ಮಾತ್ರ ಸಂಸ್ಥೆಯದು. ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿದ ಈ ಪದ್ಧತಿಯ ಬಗ್ಗೆ ಪರ-ವಿರೋಧ ಎರಡೂ ಇವೆ. ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಲು ಇದು ದಾರಿಯಾಗಬಾರದು ಎಂಬ ವಾದದಲ್ಲಿ ಹುರುಳಿದೆ. ಆದರೆ ವೈದ್ಯರು ಊರಲ್ಲೇ ಉಳಿದರೆ ಅದೇ ಕಟ್ಟಡ, ಅದೇ ಅನುದಾನ ಏನು ಮಾಡಬಲ್ಲದು ಎಂಬುದನ್ನಂತೂ ಗುಂಬಳ್ಳಿ ತೋರಿಸಿತು.

ಊಟಕ್ಕೆ ಎರಡು ಮೈಲಿ

2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ‘ಮಾತೃಪೂರ್ಣ’ ಜಾರಿಗೆ ಬಂತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ: ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು. ಮನೆಗೆ ದಿನಸಿ ಕೊಟ್ಟರೆ ಅದು ಇಡೀ ಸಂಸಾರದ ಪಾಲಾಗುತ್ತದೆ, ಬಸುರಿಯ ತಟ್ಟೆಗೆ ಕೊನೆಯಲ್ಲಿ ಉಳಿದದ್ದೇ ಬೀಳುತ್ತದೆ ಎಂಬ ಅರಿವಿನಿಂದ ಹುಟ್ಟಿದ ಯೋಜನೆ. ಆ ಅರಿವು ಸರಿಯಾದದ್ದೇ. ಬಯಲುಸೀಮೆಯ ಒತ್ತೊತ್ತಾದ ಊರುಗಳಲ್ಲಿ ಅಂಗನವಾಡಿ ಎಂದರೆ ಎರಡು ಬೀದಿ ಆಚೆ. ಆದರೆ ಮಲೆನಾಡು, ಕರಾವಳಿಯಲ್ಲಿ ಊರೆಂದರೆ ಗುಡ್ಡಕ್ಕೊಂದು ಮನೆ. ಏಳು ತಿಂಗಳ ಬಸುರಿ ಮಳೆಗಾಲದಲ್ಲಿ ಸಂಕ ದಾಟಿ, ಏರು ಹತ್ತಿ, ಉಂಡು, ಮತ್ತೆ ಅದೇ ದಾರಿಯಲ್ಲಿ ವಾಪಸು ಬರಬೇಕು. ಬಾಣಂತಿಯನ್ನು ಹೊಸ್ತಿಲು ದಾಟಿಸದ ಮನೆಗಳನ್ನಂತೂ ಕೇಳುವುದೇ ಬೇಡ. ಆ ಭಾಗಗಳಲ್ಲಿ ಊಟಕ್ಕೆ ಬರುವವರು ಕಡಿಮೆಯಾದಾಗ ಯಾರಿಗೂ ಆಶ್ಚರ್ಯವಾಗಬೇಕಿರಲಿಲ್ಲ.

ಇದರ ಎದುರಿಗೆ, ಆರೋಗ್ಯ ಇಲಾಖೆಗೆ ಸಂಬಂಧವೇ ಇಲ್ಲದ ಒಂದು ಯೋಜನೆಯನ್ನು ಇಡಬೇಕೆನಿಸುತ್ತದೆ. 2023ರ ಜೂನ್ 11ರಂದು ಶುರುವಾದ ‘ಶಕ್ತಿ’. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ. ಇದರ ಬಗ್ಗೆ ದೇವಸ್ಥಾನಗಳ ರಶ್ಶಿನ ಜೋಕುಗಳೇ ಹೆಚ್ಚು ಓಡಾಡಿದವು. ಆದರೆ ತಾಲ್ಲೂಕು ಆಸ್ಪತ್ರೆಯ ಶುಗರ್ ಮಾತ್ರೆಯ ಸಾಲಿನಲ್ಲಿ ನಿಂತ ಅಜ್ಜಿಯನ್ನು ಮಾತಾಡಿಸಿ ನೋಡಿ. ಮಗನ ಮುಂದೆ ಬಸ್ಸಿಗೆ ಕೈಯೊಡ್ಡಬೇಕಾಗಿಲ್ಲ ಎಂಬುದೇ ಅವಳಿಗೆ ದೊಡ್ಡದು. ಬಸ್ಸೇ ಬಾರದ ಊರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ನಗರದಲ್ಲಿ ದೂರದ ಸಮಸ್ಯೆ ಕಡಿಮೆ, ಹೊತ್ತಿನ ಸಮಸ್ಯೆ ಜಾಸ್ತಿ. 2022ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಚಾಲನೆ ಸಿಕ್ಕ ‘ನಮ್ಮ ಕ್ಲಿನಿಕ್’ಗಳ ಕಲ್ಪನೆ ಚೆನ್ನಾಗಿದೆ. ಬಡಾವಣೆಯೊಳಗೆ ಒಂದು ಸಣ್ಣ ದವಾಖಾನೆ, ಒಬ್ಬರು ಡಾಕ್ಟರು, ಒಬ್ಬರು ನರ್ಸು, ಒಬ್ಬರು ಲ್ಯಾಬಿನವರು. ಸಾಮಾನ್ಯ ರಕ್ತಪರೀಕ್ಷೆ, ಬಿಪಿ-ಶುಗರ್ ಮಾತ್ರೆ ಎಲ್ಲವೂ ಉಚಿತ. ಆದರೆ ಬಾಗಿಲು ತೆರೆದದ್ದು ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ. ಗಾರ್ಮೆಂಟ್ಸಿನ ಹೆಣ್ಣುಮಗಳು, ಗಾರೆ ಕೆಲಸದವನು, ಮನೆಗೆಲಸಕ್ಕೆ ಹೋಗುವವಳು ಬಿಡುವಾಗಿ ಬರುವ ಹೊತ್ತಿಗೆ ಸರಿಯಾಗಿ ಬೀಗ. ಸಂಜೆಯ ಹೊತ್ತು ತೆರೆದಿಡುವ ಮಾತು ಆಮೇಲೆ ಬಂತು. ಮೊದಲ ದಿನವೇ ಪಕ್ಕದ ಚಹಾದಂಗಡಿಯವನನ್ನು ಕೇಳಿದ್ದರೆ ಜನ ಯಾವಾಗ ಮನೆಗೆ ಬರುತ್ತಾರೆ ಎಂದು ಹೇಳುತ್ತಿದ್ದ.

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ‘ಗೃಹ ಆರೋಗ್ಯ’ ಈ ಲೆಕ್ಕದಲ್ಲಿ ಒಂದು ಹೆಜ್ಜೆ ಮುಂದಿದೆ. ಮೂವತ್ತು ದಾಟಿದವರ ಮನೆಗೇ ಹೋಗಿ ಬಿಪಿ, ಶುಗರ್ ನೋಡುವುದು, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣ ವಿಚಾರಿಸುವುದು, ಕಾಯಿಲೆ ಇದ್ದವರಿಗೆ ಮಾತ್ರೆಯನ್ನೂ ಅಲ್ಲೇ ತಲುಪಿಸುವುದು. ಬಿಪಿ, ಶುಗರ್‌ಗಳು ನೋವಿಲ್ಲದ ಕಾಯಿಲೆಗಳು. ನೋವಿಲ್ಲದ ಕಾಯಿಲೆಗೆ ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ಲಕ್ವ ಹೊಡೆದ ಮೇಲೆ ಆಂಬುಲೆನ್ಸಿನಲ್ಲಿ ಬರುತ್ತಾರೆ. ಆದ್ದರಿಂದ ಮನೆಗೆ ಹೋಗುವುದೇ ದಾರಿ. ಪ್ರಶ್ನೆ ಇರುವುದು ಎರಡನೇ ತಿಂಗಳಲ್ಲಿ. ಮೊದಲ ಸಲ ಪತ್ತೆ ಹಚ್ಚಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಅದೇ ಮನೆಗೆ ಪ್ರತಿ ತಿಂಗಳೂ ಅದೇ ಮಾತ್ರೆ ಹಿಡಿದು ಹೋಗುವವರಾರು? ಆ ತಿಂಗಳು ಮಾತ್ರೆಯ ದಾಸ್ತಾನು ಇದೆಯೇ? ಎಷ್ಟು ಲಕ್ಷ ಜನರ ತಪಾಸಣೆಯಾಯಿತು ಎಂಬ ಲೆಕ್ಕಕ್ಕಿಂತ ಆರನೇ ತಿಂಗಳಲ್ಲಿ ಎಷ್ಟು ಜನರ ಬಿಪಿ ಹಿಡಿತದಲ್ಲಿದೆ ಎಂಬ ಲೆಕ್ಕವನ್ನು ಇಲಾಖೆ ಕೊಡುವಂತಾಗಬೇಕು.

ತುರ್ತಿನಲ್ಲಿ

ಕೆಲವು ಸೇವೆಗಳ ವಿಷಯದಲ್ಲಿ ಮಾತ್ರ ತಿಳಿದಿರುವುದೇ ಅರ್ಧ ಚಿಕಿತ್ಸೆ. ನಾಯಿ ಕಚ್ಚಿದರೆ ಮೊದಲು ಮಾಡಬೇಕಾದದ್ದು ಆಸ್ಪತ್ರೆಗೆ ಓಡುವುದಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆಯುವುದು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಆಮೇಲೆ ಲಸಿಕೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ (ಅದನ್ನು ಸೊನ್ನೆ ಎಂದು ಎಣಿಸಬೇಕು), ನಂತರ ಮೂರನೇ, ಏಳನೇ, ಇಪ್ಪತ್ತೆಂಟನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇನ್ನೊಂದು ಚುಚ್ಚುಮದ್ದು ಬೇಕು, ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಇದ್ದು ಇದು ಇಲ್ಲದ ಆಸ್ಪತ್ರೆಗಳಿವೆ, ಕೇಳಿ ತಿಳಿಯಬೇಕು. ಕೊನೆಯ ಸೂಜಿಯನ್ನು ನಾಯಿ ಬದುಕಿದೆ ಎಂದೋ, ಕೆಲಸವಿದೆ ಎಂದೋ ತಪ್ಪಿಸುವವರು ಬಹಳ. ಮತ್ತೆ ಅದೇ ಬಸ್‌ಚಾರ್ಜಿನ ಕತೆ: ನಾಲ್ಕು ಸೂಜಿಗೆ ನಾಲ್ಕು ಪ್ರಯಾಣ.

ಹಾವು ಕಚ್ಚಿದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತು. ಗದ್ದೆ, ತೋಟದಲ್ಲಿ ಸಾಯುವವರ ನಿಜವಾದ ಲೆಕ್ಕ ಸಿಕ್ಕರೆ ತಾನೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಪ್ರತಿವಿಷ ಇಡಬೇಕೆಂದು ಗೊತ್ತಾಗುವುದು? ಹೃದಯಾಘಾತಕ್ಕೆ, ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರ ಸಲಹೆಯ ಮೇರೆಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದು ಸಾವಿರಾರು ರೂಪಾಯಿಯದು. ಎದೆ ಉರಿಯನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವ ನಮ್ಮ ಗಂಡಸರಿಗೆ ಇದು ತಲುಪಬೇಕು.

ಹೆರಿಗೆಯ ಮಾತು ಬೇರೆಯೇ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಸ್ಕ್ಯಾನಿಂಗ್, ಊಟ, ಬರುವ ಹೋಗುವ ವಾಹನ ಎಲ್ಲವೂ ಉಚಿತ. ಬಿಪಿಎಲ್, ಎಪಿಎಲ್ ಎಂದು ಕೇಳುವ ಹಾಗಿಲ್ಲ. ಗೋಡೆಯ ಮೇಲೆ ಹೀಗೆಯೇ ಬರೆದಿರುತ್ತಾರೆ. ಆದರೂ ಗಂಡು ಕೂಸಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ವಾರ್ಡಿನ ಬಾಗಿಲಲ್ಲಿ ಕೈಚಾಚುವ ‘ಖುಷಿ’ಯ ದರಪಟ್ಟಿ ಯಾವ ಗೋಡೆಯ ಮೇಲೂ ಇಲ್ಲದೆ ಎಲ್ಲರಿಗೂ ಗೊತ್ತಿರುತ್ತದೆ. ಇದಕ್ಕೆ ಯಾವ ಯೋಜನೆಯೂ ಮದ್ದಲ್ಲ, ಬರಹದಲ್ಲಿ ದೂರು ಕೊಡುವುದೊಂದೇ.

ಉಚಿತವಾಗಿ ಕೊಟ್ಟದ್ದು ಕೆಟ್ಟದ್ದೂ ಆಗಿರಬಹುದು ಎಂಬುದನ್ನು ಬಚ್ಚಿಡಬಾರದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸರ್ಕಾರ ಸರಬರಾಜು ಮಾಡಿದ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿದ್ದು ಅದರ ಬಳಕೆ ನಿಲ್ಲಿಸಬೇಕಾಯಿತು. ದುಡ್ಡು ಕೊಟ್ಟು ಕೊಂಡವನಿಗೆ ಜಗಳ ಮಾಡುವ ಹಕ್ಕು ತಾನಾಗಿ ಬರುತ್ತದೆ. ಪುಕ್ಕಟೆ ಪಡೆದವನಿಗೆ ಆ ಹಕ್ಕಿಲ್ಲವೆಂದು ನಾವೇ ಒಪ್ಪಿಕೊಂಡಿದ್ದೇವೆ. ತೆರಿಗೆ ಯಾರದ್ದು?

ಮಲೆನಾಡಿನ ಮಂಗನ ಕಾಯಿಲೆಯ ಲಸಿಕೆಯದೂ ಅಂಥದೇ ಒಂದು ಕಹಿ ಪ್ರಕರಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು, ಮನುಷ್ಯರು ಸತ್ತಾಗ ಗುರುತಿಸಿದ ರೋಗವಿದು. ಹರಡುವುದು ಉಣುಗಿನಿಂದ. ದರಕು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ, ಅಂದರೆ ಬಡವರಿಗೆ, ಮೊದಲು ಬರುತ್ತದೆ. ದಶಕಗಳ ಕಾಲ ಉಚಿತ ಲಸಿಕೆ ಹಾಕಿದರು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಸಾವುಗಳಾದಾಗ ಜನ ಅದನ್ನೇ ನಂಬಿ ಸಾಲು ನಿಂತರು. ಕೊನೆಗೆ ಲಸಿಕೆಯಲ್ಲಿ ಸತ್ವವೇ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಈಗ ಆ ಭಾಗದ ಆರೋಗ್ಯ ಕೇಂದ್ರಗಳು ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚಿಕೊಳ್ಳಲು ‘ಡೆಪಾ’ ತೈಲ ಹಂಚುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ದಿನವೂ ಹಚ್ಚಬೇಕು. ಬಾಟಲಿ ಖಾಲಿಯಾದ ಮನೆಯನ್ನು ನೆನಪಿಟ್ಟು ಮತ್ತೊಂದು ಕೊಟ್ಟು ಬರುವವರು ಯಾರೆಂದು ಹೇಳಬೇಕಿಲ್ಲ.

ಗೌರವಧನ

ಯಾವ ಎಳೆ ಹಿಡಿದು ಹೊರಟರೂ ಕೊನೆಗೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯ ಹತ್ತಿರವೇ ಬರುತ್ತೇವೆ. ಸಾವಿರ ಜನಸಂಖ್ಯೆಗೆ ಒಬ್ಬರಂತೆ ರಾಜ್ಯದಲ್ಲಿ ಸುಮಾರು 42,000 ಮಂದಿ. ಕಾಗದದ ಮೇಲೆ ಅವರು ನೌಕರರಲ್ಲ, ಸ್ವಯಂಸೇವಕಿಯರು. ರಾಜ್ಯದ ಗೌರವಧನ ಒಂದಿಷ್ಟು, ಉಳಿದದ್ದು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಹೆರಿಗೆಗೆ ಕರೆದೊಯ್ದರೆ ಇಷ್ಟು, ಮಗುವಿಗೆ ಪೂರ್ತಿ ಲಸಿಕೆ ಹಾಕಿಸಿದರೆ ಇಷ್ಟು. ಅದೂ ಆನ್‌ಲೈನ್ ಪೋರ್ಟಲಿನಲ್ಲಿ ದಾಖಲಾದರೆ ಮಾತ್ರ. ತವರಿಗೆ ಬಂದ ಹುಡುಗಿಯನ್ನು ರಾತ್ರಿ ಎರಡಕ್ಕೆ 108ರಲ್ಲಿ ಕರೆದುಕೊಂಡು ಹೋದ ಆಶಾಗೆ, ಆಕೆಯ ನೋಂದಣಿ ಬೇರೆ ಊರಿನದು ಎಂಬ ಕಾರಣಕ್ಕೆ ಆ ಹಣ ಸಿಗದೇ ಹೋಗಬಹುದು. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತು ತಿಂಗಳಿಗೆ 15,000 ರೂಪಾಯಿ ಕೇಳಿದರು. 10,000ದ ಭರವಸೆ ಪಡೆದು ಎದ್ದರು. ಪ್ರತಿ ಹೊಸ ಯೋಜನೆಯೂ ಇವರ ಬ್ಯಾಗಿಗೆ ಇನ್ನೊಂದು ರಿಜಿಸ್ಟರು, ಫೋನಿಗೆ ಇನ್ನೊಂದು ಆ್ಯಪ್ ಸೇರಿಸುತ್ತದೆ. ನೂರು ಕೋಟಿಯ ಯೋಜನೆ ಘೋಷಿಸುವಾಗ ನೆನಪಾಗದ ಖಜಾನೆ ಈ ಒಂದು ಸಂಬಳದ ವಿಷಯಕ್ಕೆ ಬಂದರೆ ಮಾತ್ರ ನೆನಪಾಗುತ್ತದೆ.

ಊರಿನವರ ಕೈಯಲ್ಲೂ ಒಂದಿಷ್ಟಿದೆ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದಿದೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಗೆ ಅದು ಅರ್ಹ: ಬಡ ರೋಗಿಯನ್ನು ಆಸ್ಪತ್ರೆಗೆ ಸಾಗಿಸಲು, ನಿಂತ ನೀರು ತೆರವು ಮಾಡಿಸಲು, ಅಂಗನವಾಡಿಗೆ ತೂಕದ ಯಂತ್ರ ತರಲು ಬಳಸಬಹುದು. ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಬಹಳ ಊರುಗಳಲ್ಲಿ ಎರಡೂ ಸಹಿಯ ಮಟ್ಟಿಗೆ ಬದುಕಿವೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಮನೆಗಳ ಪಟ್ಟಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಮುಂದಿನ ಸಲ ಯಾರಾದರೂ ಎದ್ದು ಕೇಳಲಿ: ಡಾಕ್ಟರು ವಾರದಲ್ಲಿ ಯಾವ ಯಾವ ದಿನ ಇರುತ್ತಾರೆ? ಹಾವಿನ ಪ್ರತಿವಿಷ ಎಷ್ಟು ಸೀಸೆ ಇದೆ, ಅದರ ಅವಧಿ ಯಾವಾಗ ಮುಗಿಯುತ್ತದೆ? ಕಳೆದ ತಿಂಗಳು ಶುಗರ್ ಮಾತ್ರೆ ಎಷ್ಟು ದಿನ ಇರಲಿಲ್ಲ? ಕೆಳಗಿನ ಕೇರಿಯ ಆಶಾ ಹುದ್ದೆ ಖಾಲಿ ಬಿದ್ದು ಎಷ್ಟು ಕಾಲವಾಯಿತು, ಅಲ್ಲಿಯ ಮನೆಗಳನ್ನು ಈಗ ನೋಡುತ್ತಿರುವವರು ಯಾರು? ದಾಸ್ತಾನು ಪುಸ್ತಕ ಆರೋಗ್ಯ ಕೇಂದ್ರದಲ್ಲೇ ಇರುತ್ತದೆ. ಸಭೆಗೆ ಅದನ್ನು ತರಿಸಿ ಎಂದು ಪಿಡಿಒಗೆ ಮೊದಲೇ ಬರೆದುಕೊಟ್ಟರೆ ಅನುಕೂಲ.